ಕಂಠದಲ್ಲಿ ಉಳಿದ ವೇದ

ಗ್ರಂಥವೊಂದನ್ನು ನೆನಪಿನಲ್ಲಿಟ್ಟುಕೊಳ್ಳುವುದು ಬೇರೆ; ಅದನ್ನು ಅಕ್ಷರ ತಪ್ಪದಂತೆ ಮತ್ತೊಬ್ಬನ ನೆನಪಿಗೆ ದಾಟಿಸುವುದು ಬೇರೆ. ಎರಡನೆಯದರ ಕಷ್ಟವನ್ನು ಚೆನ್ನಾಗಿ ಅರಿತವರಲ್ಲಿ ಪ್ರಾಚೀನ ವೈದಿಕರು ಅಗ್ರಗಣ್ಯರು. ಕ್ರಿಸ್ತಶಕ 7ನೆಯ ಶತಮಾನದ ಉತ್ತರಾರ್ಧದಲ್ಲಿ ಭರತಖಂಡಕ್ಕೆ ಬಂದಿದ್ದ ಚೀನದ ಯಾತ್ರಿಕ ಇತ್ಸಿಂಗನು, ವೇದಗಳು ಬಾಯಿಂದ ಬಾಯಿಗೆ ನಡೆದುಬಂದಿವೆಯೇ ಹೊರತು ಕಾಗದದ ಮೇಲಾಗಲಿ ಎಲೆಯ ಮೇಲಾಗಲಿ ಬರೆಯಲ್ಪಟ್ಟಿಲ್ಲವೆಂದು ಹೇಳಿದ್ದಾನೆ.

ಋಗ್ವೇದದ ಹತ್ತು ಸಾವಿರಕ್ಕೂ ಮಿಕ್ಕ ಋಕ್ಕುಗಳು ಹೀಗೆ ಉಳಿದುದಕ್ಕೆ ಮೇಧಾಶಕ್ತಿಯೊಂದೇ ಕಾರಣವಲ್ಲ. ಮರೆಯುವುದು ಮನುಷ್ಯನ ಸ್ವಭಾವವೆಂದು ಒಪ್ಪಿಕೊಂಡೇ ಪಾಠಕ್ರಮವನ್ನು ಏರ್ಪಡಿಸಿದ್ದರು. ಸಂಹಿತೆಯಲ್ಲಿ ಸಂಧಿಯಿಂದ ಕೂಡಿಕೊಂಡ ಪದಗಳನ್ನು ಶಾಕಲ್ಯನ ಪದಪಾಠವು ಬಿಡಿಸಿತು. ಕ್ರಮಪಾಠದಲ್ಲಿ ಒಂದು-ಎರಡು, ಎರಡು-ಮೂರು ಎಂದು ಪದಗಳು ಜೋಡಿಯಾಗಿ ಬರುತ್ತವೆ. ಜಟೆಯಲ್ಲಿ ಒಂದು-ಎರಡು, ಎರಡು-ಒಂದು, ಒಂದು-ಎರಡು ಎಂದು ಆ ಜೋಡಿಯೇ ತಿರುಗಿ ಹೆಣೆದುಕೊಳ್ಳುತ್ತದೆ. ಘನದಲ್ಲಿಯಂತೂ ಮೂರನೆಯ ಪದವೂ ಸೇರಿ ಹಿಂದುಮುಂದಾಗಿ ಸುತ್ತುವುದರಿಂದ, ಸಾಲಿನ ನಡುವಣ ಒಂದೊಂದು ಪದವೂ 13 ಸಲ ನಾಲಗೆಯ ಮೇಲೆ ಹಾಯುತ್ತದೆ. ಒಂದು ಪದ ಜಾರಿದರೆ ಹೆಣಿಗೆಯೇ ಕೆಡುತ್ತದೆ. ವ್ಯುತ್ಕ್ರಮವಾಗಿ ಹೇಳುವಾಗ ಅರ್ಥದ ಊರುಗೋಲು ಇರುವುದಿಲ್ಲವಾದ್ದರಿಂದ, ಮರೆತ ಪದದ ಸ್ಥಾನದಲ್ಲಿ ಒಪ್ಪುವಂತಹ ಮತ್ತೊಂದನ್ನು ಕೂರಿಸುವ ಚಾಪಲ್ಯಕ್ಕೂ ಎಡೆಯಿಲ್ಲ. ಬರೆದುದನ್ನು ನೋಡಿ ಓದುವವನನ್ನು ಪಾಣಿನೀಯ ಶಿಕ್ಷೆಯು ಅಧಮ ಪಾಠಕರ ಸಾಲಿಗೆ ಸೇರಿಸಿರುವುದು ವೃಥಾ ಅಲ್ಲ. ಉದಾತ್ತಾದಿ ಸ್ವರಗಳು ಗುರುಮುಖದಿಂದ ಕಿವಿಗೆ ಬರತಕ್ಕವು.

ಆದರೆ ಈ ಏರ್ಪಾಡು ಕಾಪಾಡಿದುದು ಶಬ್ದವನ್ನು. ಅರ್ಥವು ಅದರೊಡನೆ ಅಷ್ಟೇ ಭದ್ರವಾಗಿ ಬರಲಿಲ್ಲವೆಂಬುದನ್ನು ಅಭಿಮಾನಿಗಳೂ ಒಪ್ಪಬೇಕು. ಮಂತ್ರಗಳಿಗೆ ಅರ್ಥವೇ ಇಲ್ಲವೆಂದ ಕೌತ್ಸನ ವಾದವನ್ನು ಯಾಸ್ಕನು ನಿರುಕ್ತದಲ್ಲಿ ಎತ್ತಿಕೊಂಡು ಖಂಡಿಸಿದ್ದಾನೆ. ಅಷ್ಟು ಹಿಂದೆಯೇ ಸಂಶಯ ಹುಟ್ಟಿತ್ತು! 14ನೆಯ ಶತಮಾನದಲ್ಲಿ ವಿಜಯನಗರದ ಅರಸರ ಆಶ್ರಯದಲ್ಲಿ ಸಾಯಣಾಚಾರ್ಯರು ಭಾಷ್ಯವನ್ನು ರಚಿಸುವಾಗ ಆ ನಿರುಕ್ತದ ಕಡೆಗೇ ಮತ್ತೆ ಮತ್ತೆ ತಿರುಗಬೇಕಾಯಿತು.

ಇನ್ನೊಂದು ಅಪಾಯವು ಇದಕ್ಕಿಂತ ದೊಡ್ಡದು. ಕೊನೆಯ ಗುರುವಿಗೆ ಶಿಷ್ಯನಿಲ್ಲದೆ ಹೋದರೆ ಅವನೊಡನೆ ಶಾಖೆಯೇ ಅಳಿಯುತ್ತದೆ. ಇದಕ್ಕೆ ಜಟೆಯಾಗಲಿ ಘನವಾಗಲಿ ಮದ್ದಲ್ಲ. ಸುಮಾರು 1030ರಲ್ಲಿ ಹಿಂದೂದೇಶವನ್ನು ಕುರಿತು ಗ್ರಂಥವನ್ನು ಬರೆದ ಅಲ್ಬೆರೂನಿಯು ಕಾಶ್ಮೀರದ ವಸುಕ್ರನೆಂಬ ಬ್ರಾಹ್ಮಣನ ವಿಷಯವನ್ನು ತಿಳಿಸುತ್ತಾನೆ. ವೇದವು ಜನರ ನೆನಪಿನಿಂದ ಮರೆಯಾಗಿಬಿಟ್ಟೀತೆಂಬ ಭಯದಿಂದ ಅವನು, ಬೇರೆಯವರು ಹಿಂಜರಿಯುತ್ತಿದ್ದ ಕಾರ್ಯಕ್ಕೆ ತಾನಾಗಿ ಕೈಹಾಕಿ, ವೇದವನ್ನು ವಿವರಿಸಿ ಬರವಣಿಗೆಗೆ ಇಳಿಸಿದನಂತೆ. ಸಂಪ್ರದಾಯಸ್ಥರು ಅವನನ್ನು ಏನೆಂದರೋ! ಅವನ ಭಯವಂತೂ ನಿರಾಧಾರವಾದುದಲ್ಲ. ಪತಂಜಲಿಯು ಮಹಾಭಾಷ್ಯದಲ್ಲಿ ಋಗ್ವೇದಕ್ಕೆ 21 ಶಾಖೆಗಳನ್ನು ಹೇಳಿದ್ದಾನೆ. ಇಂದು ಅಧ್ಯಯನದಲ್ಲಿ ಉಳಿದಿರುವುದು ಬಹುಮಟ್ಟಿಗೆ ಶಾಕಲಶಾಖೆಯೊಂದೇ. ಮಿಕ್ಕವುಗಳಲ್ಲಿ ಕೆಲವಕ್ಕೆ ಹೆಸರು ಮಾತ್ರ ಇದೆ. ಕೆಲವಕ್ಕೆ ಅದೂ ಇಲ್ಲ.