ತವರು ಸೋತರೂ ಗೆದ್ದ ಆಟ: ಒಲಿಂಪಿಕ್ ಟೇಕ್ವಾಂಡೊದ ಕಾಲು ಶತಮಾನ

2000ದ ಸೆಪ್ಟೆಂಬರ್ 27ರಂದು ಸಿಡ್ನಿಯ ಸ್ಟೇಟ್ ಸ್ಪೋರ್ಟ್ಸ್ ಸೆಂಟರಿನಲ್ಲಿ ಟೇಕ್ವಾಂಡೊ ಮೊದಲ ಬಾರಿಗೆ ಒಲಿಂಪಿಕ್ಸ್‌ನ ಅಧಿಕೃತ ಪದಕ ಕ್ರೀಡೆಯಾಗಿ ಕಣಕ್ಕಿಳಿಯಿತು. ಅಂದಿನ ಎರಡು ಚಿನ್ನಗಳಲ್ಲಿ ಒಂದು ಗ್ರೀಸ್‌ನ ಮಿಖಾಯಿಲ್ ಮುರುಟ್ಸೋಸ್‌ಗೆ ಹೋಯಿತು, ಇನ್ನೊಂದು ಆತಿಥೇಯ ಆಸ್ಟ್ರೇಲಿಯಾದ ಲಾರೆನ್ ಬರ್ನ್ಸ್‌ಗೆ. ಆಟ ಹುಟ್ಟಿದ ದಕ್ಷಿಣ ಕೊರಿಯಾದ ಪಟುಗಳು ಆ ಎರಡು ತೂಕದ ವಿಭಾಗಗಳಲ್ಲಿ ಸ್ಪರ್ಧಿಸಿಯೇ ಇರಲಿಲ್ಲ. ಪುರುಷರಿಗೆ ನಾಲ್ಕು, ಮಹಿಳೆಯರಿಗೆ ನಾಲ್ಕು ವಿಭಾಗಗಳಿದ್ದರೂ ಒಂದು ದೇಶ ಕಳಿಸಬಹುದಾದದ್ದು ಇಬ್ಬರು ಪುರುಷರು, ಇಬ್ಬರು ಮಹಿಳೆಯರನ್ನು ಮಾತ್ರ. ಕೊರಿಯಾ ಕಳಿಸಿದ ನಾಲ್ವರೂ ಪದಕ ಗೆದ್ದರು: ಮೂರು ಚಿನ್ನ, ಒಂದು ಬೆಳ್ಳಿ. ಅವರಿಲ್ಲದ ಕಡೆ ಬೇರೆಯವರಿಗೆ ದಾರಿ ತೆರೆಯಿತು. ಮುಂದಿನ ಇಪ್ಪತ್ತೈದು ವರ್ಷಗಳ ಕತೆಯ ಬೀಜ ಈ ಲೆಕ್ಕಾಚಾರದಲ್ಲೇ ಇತ್ತು.

ಸಿಡ್ನಿಯ ಮ್ಯಾಟ್‌ವರೆಗಿನ ದಾರಿ ಉದ್ದದ್ದು. ಜಪಾನಿನ ಆಳ್ವಿಕೆ ಕೊನೆಗೊಂಡ 1945ರ ಆಸುಪಾಸಿನಲ್ಲಿ ಸೋಲ್ ನಗರದಲ್ಲಿ ‘ಕ್ವಾನ್’ ಎಂಬ ಗರಡಿಗಳು ತಲೆಯೆತ್ತಿದವು. ಒಂದೊಂದಕ್ಕೂ ಅದರದೇ ಗುರು, ಅದರದೇ ವರಸೆ. ಟೇಕ್ವಾಂಡೊ ಎಂಬ ಹೆಸರು ಬಂದದ್ದು 1955ರಲ್ಲಿ. ಜನರಲ್ ಚೋಯ್ ಹಾಂಗ್ ಹಿ 1966ರಲ್ಲಿ ಒಂದು ಅಂತರರಾಷ್ಟ್ರೀಯ ಒಕ್ಕೂಟ ಕಟ್ಟಿದರು, ಆದರೆ ಸರ್ಕಾರದೊಡನೆ ಮುನಿಸಾಗಿ ಕೆನಡಾ ಸೇರಿದರು. ಇತ್ತ ಸೋಲ್‌ನ ಗಂಗ್ನಮ್‌ನಲ್ಲಿ 1972ರ ನವೆಂಬರ್ 30ರಂದು ಕುಕ್ಕಿವೊನ್ ಎಂಬ ಕೇಂದ್ರ ಗರಡಿ ಬಾಗಿಲು ತೆರೆಯಿತು. ಮರುವರ್ಷದ ಮೇ ತಿಂಗಳಲ್ಲಿ ಮೊದಲ ವಿಶ್ವ ಚಾಂಪಿಯನ್‌ಷಿಪ್ ನಡೆದದ್ದು ಅಲ್ಲಿಯೇ. ಅದರ ಬೆನ್ನಿಗೆ, ಮೇ 28ರಂದು ವಿಶ್ವ ಟೇಕ್ವಾಂಡೊ ಒಕ್ಕೂಟ ಸ್ಥಾಪನೆಯಾಯಿತು. ರಾಜತಾಂತ್ರಿಕ ಹಿನ್ನೆಲೆಯ ಕಿಮ್ ಉನ್-ಯಾಂಗ್ ಮೊದಲ ಅಧ್ಯಕ್ಷರಾದರು.

ಕಿಮ್ ಅವರ ಗುರಿ ಒಂದೇ: ಒಲಿಂಪಿಕ್ಸ್. ಅಂತರರಾಷ್ಟ್ರೀಯ ಒಲಿಂಪಿಕ್ ಸಮಿತಿಯ ಮಾನ್ಯತೆ 1980ರಲ್ಲಿ ಸಿಕ್ಕಿತು. 1986ರಲ್ಲಿ ಸ್ವತಃ ಕಿಮ್ ಆ ಸಮಿತಿಯ ಸದಸ್ಯರಾದರು. ಆಟ ಏಷ್ಯನ್ ಕ್ರೀಡಾಕೂಟಕ್ಕೂ ಅದೇ ವರ್ಷ ಕಾಲಿಟ್ಟಿತು. 1988ರ ಸೋಲ್ ಮತ್ತು 1992ರ ಬಾರ್ಸಿಲೋನಾ ಕೂಟಗಳಲ್ಲಿ ಅದು ಪ್ರದರ್ಶನ ಕ್ರೀಡೆ. ಕೊನೆಗೆ 1994ರ ಸೆಪ್ಟೆಂಬರ್ 4ರಂದು ಪ್ಯಾರಿಸ್‌ನಲ್ಲಿ ಸೇರಿದ ಸಮಿತಿಯ ಅಧಿವೇಶನ ಸಿಡ್ನಿಗೆ ಹಸಿರು ನಿಶಾನೆ ತೋರಿತು. ಟೇಕ್ವಾಂಡೊ ಮಂದಿ ಇಂದಿಗೂ ಸೆಪ್ಟೆಂಬರ್ 4ನ್ನು ತಮ್ಮ ಹಬ್ಬದ ದಿನವಾಗಿ ಆಚರಿಸುತ್ತಾರೆ.

ಒಂದೇ ದೇಶ ಪದಕಗಳನ್ನೆಲ್ಲ ಬಾಚಿಕೊಳ್ಳದಂತೆ ಹಾಕಿದ ನಾಲ್ವರ ಮಿತಿ ಒಲಿಂಪಿಕ್ ಬಾಗಿಲು ದಾಟಲು ತೆತ್ತ ಸುಂಕವಾಗಿತ್ತು. ಅದರ ಫಲ ಯಾರೂ ಎಣಿಸದ ಕಡೆಗಳಲ್ಲಿ ಕಂಡಿತು. ಸಿಡ್ನಿಯಲ್ಲಿ ಟ್ರಾನ್ ಹಿಯೆವ್ ನ್ಗಾನ್ ಗೆದ್ದ ಬೆಳ್ಳಿ ವಿಯೆಟ್ನಾಂನ ಮೊಟ್ಟಮೊದಲ ಒಲಿಂಪಿಕ್ ಪದಕ. ಅಥೆನ್ಸ್‌ನಲ್ಲಿ 2004ರ ಆಗಸ್ಟ್ 26ರ ಒಂದೇ ದಿನ ಚೆನ್ ಶಿಹ್-ಸಿನ್ ಮತ್ತು ಚು ಮು-ಯೆನ್ ತೈವಾನ್‌ಗೆ ಅದರ ಮೊದಲ ಎರಡು ಚಿನ್ನಗಳನ್ನು ತಂದರು. ಇರಾನಿನಲ್ಲಿ ನಿರಾಶ್ರಿತನಾಗಿದ್ದಾಗ ಈ ಆಟ ಕಲಿತ ರೊಹುಲ್ಲಾ ನಿಕ್‌ಪಾಯ್ 2008ರಲ್ಲಿ ಅಫ್ಗಾನಿಸ್ತಾನಕ್ಕೆ ಮೊದಲ ಪದಕ ಗೆದ್ದುಕೊಟ್ಟರು, ಲಂಡನ್‌ನಲ್ಲಿ ಮತ್ತೊಂದನ್ನೂ ಸೇರಿಸಿದರು. ಗೆಬಾನ್‌ನ ಮೊದಲ ಪದಕ 2012ರಲ್ಲಿ ಆಂಟನಿ ಒಬಾಮೆ ಅವರದು. ಜೋರ್ಡಾನ್‌ನ ಮೊದಲ ಪದಕ 2016ರ ರಿಯೊ ಕೂಟದಲ್ಲಿ ಅಹ್ಮದ್ ಅಬುಗೌಶ್ ಅವರದು, ಅದೂ ಚಿನ್ನ. ಇರಾನಿನ ಮಹಿಳೆಯೊಬ್ಬರು ಮೊದಲ ಬಾರಿಗೆ ಒಲಿಂಪಿಕ್ ಪದಕ ಗೆದ್ದದ್ದೂ ರಿಯೊದ ಇದೇ ಮ್ಯಾಟ್ ಮೇಲೆ. ಅವರು ಕಿಮಿಯಾ ಅಲಿಜಾದೆ. ಅದೇ ಕೂಟದ 80 ಕಿಲೊ ಫೈನಲ್‌ನಲ್ಲಿ ಬ್ರಿಟನ್ನಿನ ಲುಟಾಲೊ ಮುಹಮ್ಮದ್ 6-4ರಿಂದ ಮುಂದಿದ್ದರು. ಕೊನೆಯ ಕ್ಷಣದಲ್ಲಿ ಐವರಿ ಕೋಸ್ಟ್‌ನ ಶೇಖ್ ಸಲ್ಲಾ ಸಿಸ್ಸೆ ಗಿರಕಿ ಹೊಡೆದು ತಲೆಗೆ ಒದ್ದರು. ನಾಲ್ಕು ಅಂಕ, 8-6, ಆ ದೇಶದ ಮೊದಲ ಚಿನ್ನ.

ಈ ಹೆಮ್ಮೆಯ ನಡುವೆ 2008ರ ಬೀಜಿಂಗ್ ಕೂಟದ ಕಹಿಯನ್ನು ಮರೆಮಾಚಬಾರದು. ಆಗ ಅಂಕ ಕೊಡುತ್ತಿದ್ದುದು ತೀರ್ಪುಗಾರರ ಕಣ್ಣು, ಒತ್ತುವ ಗುಂಡಿ, ಅಷ್ಟೆ. ಕ್ವಾರ್ಟರ್ ಫೈನಲ್‌ನಲ್ಲಿ ಬ್ರಿಟನ್ನಿನ ಸಾರಾ ಸ್ಟೀವನ್ಸನ್ ಚೀನಾದ ಚೆನ್ ಝೊಂಗ್ ಅವರ ತಲೆಗೆ ಒದ್ದದ್ದು ತೀರ್ಪುಗಾರರಿಗೆ ಕಾಣಲಿಲ್ಲ. ಮೊದಲು ಚೆನ್ ಗೆದ್ದರೆಂದು ಘೋಷಣೆಯಾಯಿತು, ದೂರು ಬಂದ ಮೇಲೆ ಫಲಿತಾಂಶ ತಿರುವುಮುರುವಾಯಿತು. ಕಂಚಿನ ಪಂದ್ಯವೊಂದರಲ್ಲಿ ಗಾಯದ ವಿರಾಮದ ಅವಧಿ ಮೀರಿದ್ದಕ್ಕೆ ಅನರ್ಹರಾದ ಕ್ಯೂಬಾದ ಏಂಜೆಲ್ ಮಾಟೊಸ್ ರೆಫ್ರಿಯ ಮುಖಕ್ಕೇ ಒದ್ದು ಆಜೀವ ನಿಷೇಧಕ್ಕೆ ಗುರಿಯಾದರು. ಸಿಡ್ನಿಯಲ್ಲಿ ಚಿನ್ನ ಗೆದ್ದವರೂ ಅವರೇ. ಇನ್ನು ಸಂಸ್ಥಾಪಕ ಕಿಮ್, ಹಣ ದುರುಪಯೋಗ ಮತ್ತು ಲಂಚದ ಪ್ರಕರಣದಲ್ಲಿ 2004ರಲ್ಲಿ ಶಿಕ್ಷೆಗೊಳಗಾಗಿ, ಮರುವರ್ಷ ಒಲಿಂಪಿಕ್ ಸಮಿತಿಯನ್ನೂ ಬಿಟ್ಟಿದ್ದರು.

ಒಕ್ಕೂಟ ಎಚ್ಚೆತ್ತಿತು. 2004ರಲ್ಲಿ ಅಧ್ಯಕ್ಷರಾದ ಚೌ ಚುಂಗ್-ವೊನ್ ಅವರ ಕಾಲದಲ್ಲಿ, ಲಂಡನ್ ಕೂಟದ ಹೊತ್ತಿಗೆ ಎದೆಗವಚಕ್ಕೂ ಪಾದದ ಸಾಕ್ಸ್‌ಗೂ ಸೆನ್ಸರ್ ಬಂತು, ವಿಡಿಯೊ ಮರುಪರಿಶೀಲನೆ ಬಂತು. ರಿಯೊದಲ್ಲಿ ಶಿರಸ್ತ್ರಾಣಕ್ಕೂ ಸೆನ್ಸರ್ ಸೇರಿತು. ತಗಾದೆ ಇಳಿಯಿತು. ಆದರೆ ಆಟದ ಚಹರೆಯೂ ಬದಲಾಯಿತು. ಮುಂದಿನ ಕಾಲನ್ನು ಎತ್ತಿ ಹಿಡಿದು ಎದುರಾಳಿಯ ಕವಚಕ್ಕೆ ತಾಗಿಸಿದರೂ ಅಂಕ ಬರುವಾಗ, ಮೈಯೆಲ್ಲ ತಿರುಗಿಸಿ ಒದೆಯುವ ಅಪಾಯ ಯಾರಿಗೆ ಬೇಕು? ಅಥೆನ್ಸ್‌ನ ಫೈನಲ್‌ನಲ್ಲಿ ಮೂನ್ ಡೇ-ಸಂಗ್ ಒಂದೇ ಹಿಮ್ಮುಖ ಒದೆತದಿಂದ ಎದುರಾಳಿಯನ್ನು ನೆಲಕ್ಕುರುಳಿಸಿದ್ದನ್ನು ಕಂಡವರಿಗೆ ಹೊಸ ಆಟ ಸಪ್ಪೆ ಎನಿಸಿತು. ಅದಕ್ಕೇ ತಿರುಗಿ ಒದೆಯುವುದರ ಬೆಲೆ ಏರಿಸಲಾಯಿತು: ಮುಷ್ಟಿಗೆ ಒಂದು ಅಂಕ, ಮೈಗೆ ಒದ್ದರೆ ಎರಡು, ತಲೆಗೆ ಮೂರು, ತಿರುಗಿ ಒದ್ದರೆ ಮೈಗೆ ನಾಲ್ಕು, ತಲೆಗೆ ಐದು. 2024ರ ಪ್ಯಾರಿಸ್ ಕೂಟದ ಹೊತ್ತಿಗೆ ಮೂರು ಸುತ್ತುಗಳಲ್ಲಿ ಎರಡು ಗೆದ್ದವರೇ ವಿಜೇತರು ಎಂಬ ನಿಯಮವೂ ಬಂತು.

2017ರಲ್ಲಿ ಒಕ್ಕೂಟ ತನ್ನ ಹೆಸರನ್ನು ‘ವರ್ಲ್ಡ್ ಟೇಕ್ವಾಂಡೊ’ ಎಂದಷ್ಟಕ್ಕೆ ಮೊಟಕುಗೊಳಿಸಿತು. ಇಂದು ಅದರ ಸದಸ್ಯ ಸಂಸ್ಥೆಗಳು 200ಕ್ಕೂ ಹೆಚ್ಚು. ಜೋರ್ಡಾನ್‌ನ ಅಜ್ರಾಕ್ ನಿರಾಶ್ರಿತರ ಶಿಬಿರದಲ್ಲೂ ಅದರ ತರಬೇತಿ ಕೇಂದ್ರವಿದೆ. 2021ರ ಟೋಕಿಯೊದಲ್ಲಿ ಪ್ಯಾರಾಲಿಂಪಿಕ್ಸ್‌ಗೂ ಆಟ ಪ್ರವೇಶ ಪಡೆಯಿತು. ಮೂರು ವರ್ಷಗಳ ಬಳಿಕ ಪ್ಯಾರಿಸ್‌ನ ಗ್ರ್ಯಾಂಡ್ ಪಲೇಯಲ್ಲಿ ಅಫ್ಗಾನ್ ಮೂಲದ ಜಾಕಿಯಾ ಖುದಾದಾದಿ ನಿರಾಶ್ರಿತರ ಪ್ಯಾರಾಲಿಂಪಿಕ್ ತಂಡಕ್ಕೆ ಮೊಟ್ಟಮೊದಲ ಪದಕ ಗೆದ್ದರು.

ಟೋಕಿಯೊ ಒಲಿಂಪಿಕ್ಸ್‌ನಲ್ಲಿ ಎಂಟು ಚಿನ್ನಗಳು ಏಳು ತಂಡಗಳಿಗೆ ಹಂಚಿಹೋದವು. ಕೊರಿಯಾಕ್ಕೆ ಒಂದೂ ಇಲ್ಲ. ಹಾಗಾದದ್ದು ಅದೇ ಮೊದಲು. ಅಷ್ಟರಲ್ಲಿ ನಾಲ್ವರ ಮಿತಿ ಹೋಗಿ, ರ‍್ಯಾಂಕಿಂಗ್ ಬಲದಿಂದ ಎಂಟೂ ವಿಭಾಗಗಳಿಗೆ ಪಟುಗಳನ್ನು ಕಳಿಸುವ ಅವಕಾಶ ಬಂದಿತ್ತು. ಎಂದರೆ ತವರನ್ನು ಈಗ ತಡೆದದ್ದು ನಿಯಮವಲ್ಲ, ಅದರ ಗುರುಗಳು ದೇಶದೇಶಗಳಿಗೆ ಹೋಗಿ ತಯಾರು ಮಾಡಿದ ಶಿಷ್ಯರು. ಪ್ಯಾರಿಸ್‌ನಲ್ಲಿ ಎರಡು ಚಿನ್ನ ಗೆದ್ದು ಕೊರಿಯಾ ಮತ್ತೆ ಎದ್ದು ನಿಂತಿತು, ಆದರೆ ಹಲವರಲ್ಲಿ ಒಬ್ಬನಾಗಿ.

ಈ ಲೆಕ್ಕದಲ್ಲಿ ಭಾರತದ ಪುಟ ಇನ್ನೂ ತೆಳುವು. 2002ರ ಬುಸಾನ್ ಏಷ್ಯನ್ ಕ್ರೀಡಾಕೂಟದಲ್ಲಿ ಸುರೇಂದ್ರ ಭಂಡಾರಿ ಕಂಚು ಗೆದ್ದರು. ಟೋಕಿಯೊ ಪ್ಯಾರಾಲಿಂಪಿಕ್ಸ್‌ನಲ್ಲಿ ಹರಿಯಾಣದ ಅರುಣಾ ತನ್ವರ್ ಸ್ಪರ್ಧಿಸಿದರು. ಸಿಡ್ನಿಯಿಂದ ಪ್ಯಾರಿಸ್‌ವರೆಗಿನ ಏಳು ಒಲಿಂಪಿಕ್ಸ್‌ಗಳಲ್ಲಿ ನಮ್ಮವರೊಬ್ಬರೂ ಈ ಮ್ಯಾಟ್ ಏರಿಲ್ಲ. ಗೆಬಾನ್, ಜೋರ್ಡಾನ್‌ಗಳು ತೋರಿಸಿಕೊಟ್ಟಂತೆ ಇಲ್ಲಿ ಜನಸಂಖ್ಯೆಯಾಗಲಿ ಹಳೆಯ ಪರಂಪರೆಯಾಗಲಿ ಷರತ್ತಲ್ಲ; ಒಬ್ಬ ಒಳ್ಳೆಯ ಗುರು, ಪಟ್ಟುಬಿಡದ ಒಬ್ಬ ಪಟು, ಅವರನ್ನು ಅರ್ಹತಾ ಪಂದ್ಯಗಳವರೆಗೆ ಕಳಿಸುವ ಒಂದು ವ್ಯವಸ್ಥೆ ಸಾಕು. ನಮ್ಮಲ್ಲಿ ಇನ್ನೂ ಗಟ್ಟಿಯಾಗಬೇಕಿರುವುದು ಆ ಮೂರನೆಯದು.