ಗುಂಡುಗಳ ಲೆಕ್ಕ, ಜನರ ಲೆಕ್ಕ

ಮುಂಬಯಿಯ ಫೋರ್ಟ್ ಭಾಗದ ಕಚೇರಿಗಳಲ್ಲಿ ದುಡಿಯುವ ನಮ್ಮಂಥವರಿಗೆ ಹಾರ್ನಿಮನ್ ಸರ್ಕಲ್ಲಿನ ತೋಟ ಹೊಸದೇನಲ್ಲ. ಮಧ್ಯಾಹ್ನ ಡಬ್ಬಿ ಮುಗಿಸಿ ಅಲ್ಲಿಯ ನೆರಳಿನಲ್ಲಿ ಹತ್ತು ನಿಮಿಷ ಕೂತು ಬರುವವರು ಬಹಳ ಮಂದಿ. ಆದರೆ ಹಾರ್ನಿಮನ್ ಯಾರೆಂದು ಕೇಳಿದರೆ ಹೇಳಬಲ್ಲವರು ಕಡಿಮೆ. ಯಾರೋ ಹಳೆಯ ಗವರ್ನರ್ ಇರಬೇಕೆಂದು ನಾವೂ ಬಹುಕಾಲ ತಿಳಿದಿದ್ದೆವು. ಬಿ. ಜಿ. ಹಾರ್ನಿಮನ್ ‘ಬಾಂಬೆ ಕ್ರಾನಿಕಲ್’ ಪತ್ರಿಕೆಯ ಸಂಪಾದಕರು. ಜಾತಿಯಲ್ಲಿ ಇಂಗ್ಲಿಷರಾದರೂ ನಮ್ಮವರ ಪಕ್ಷ ವಹಿಸಿ ಬರೆದು, 1919ರ ಏಪ್ರಿಲ್ ಕೊನೆಯಲ್ಲಿ ಗಡೀಪಾರಾದವರು. ಇಂಗ್ಲೆಂಡಿಗೆ ಹೋದ ಮೇಲೂ ಸುಮ್ಮನಿರದೆ ಅಮೃತಸರದ ಗೋಳಿಬಾರಿನ ಮೇಲೆ ಪುಸ್ತಕವನ್ನೇ ಬರೆದರು.

ಆ ಗೋಳಿಬಾರಿನ ಕಥೆ ಎಲ್ಲರೂ ಶಾಲೆಯಲ್ಲಿ ಓದಿದ್ದೇ. 1919ರ ಏಪ್ರಿಲ್ 13, ಬೈಸಾಖಿಯ ದಿನ. ಸುತ್ತ ಮನೆಗಳ ಗೋಡೆಯಿದ್ದ ಜಲಿಯನ್‌ವಾಲಾ ಬಾಗಿನಲ್ಲಿ ಸಾವಿರಾರು ಜನ ಸೇರಿದ್ದರು. ಜನರಲ್ ಡಯರ್ 50 ಬಂದೂಕುಧಾರಿ ಸಿಪಾಯಿಗಳಿಂದ, ಯಾವ ಎಚ್ಚರಿಕೆಯನ್ನೂ ಕೊಡದೆ, ಸುಮಾರು ಹತ್ತು ನಿಮಿಷ ಗುಂಡು ಹಾರಿಸಿದ. ಸಭೆ ಸೇರಬಾರದೆಂದು ಬೆಳಿಗ್ಗೆ ಊರಿನ ಕೆಲವು ಭಾಗಗಳಲ್ಲಿ ಡಂಗುರ ಹೊಡೆಸಿದ್ದ, ಅಷ್ಟೆ. ಹಬ್ಬಕ್ಕೂ ದನದ ಜಾತ್ರೆಗೂ ಹಳ್ಳಿಗಳಿಂದ ಬಂದವರ ಕಿವಿಗೆ ಅದು ಬೀಳಲಿಲ್ಲ.

ನಾವು ಇಲ್ಲಿ ಹೇಳಹೊರಟಿರುವುದು ಅದರ ಆಮೇಲಿನ ಸಂಗತಿ. ಎಷ್ಟು ಜನ ಸತ್ತರು? ಈ ಒಂದು ಪ್ರಶ್ನೆ ತಿಂಗಳುಗಟ್ಟಲೆ ದೇಶದ ಬಾಯಲ್ಲಿತ್ತು. ಪಂಜಾಬಿನಲ್ಲಿ ಮಾರ್ಷಲ್ ಲಾ, ಪತ್ರಿಕೆಗಳಿಗೆ ಕಡಿವಾಣ. ಸುದ್ದಿ ಬಾಯಿಂದ ಬಾಯಿಗೆ ಹರಡಬೇಕು, ಹರಡುವಾಗ ಒಬ್ಬೊಬ್ಬರಲ್ಲಿ ಒಂದೊಂದು ಸಂಖ್ಯೆ. ಡಯರ್ ತನ್ನ ಮೊದಲ ವರದಿಯಲ್ಲಿ 200ರಿಂದ 300 ಜನ ಸತ್ತಿರಬಹುದೆಂದು ಅಂದಾಜು ಬರೆದ. ಆದರೆ ಹಾರಿಸಿದ ಗುಂಡುಗಳು ಮಾತ್ರ ಕರಾರುವಾಕ್ಕಾಗಿ 1,650! ಗುಂಡಿಗೆ ರಿಜಿಸ್ಟರ್ ಉಂಟು, ಒಂದೊಂದಕ್ಕೂ ಜಮಾಖರ್ಚು ಕೊಡಬೇಕು. ಕಡತಗಳ ನಡುವೆ ಬಾಳುವ ನಮಗೆ ಇದರಲ್ಲಿ ಆಶ್ಚರ್ಯವಿಲ್ಲ, ನಾಚಿಕೆ ಇದೆ.

ಜನರನ್ನು ಎಣಿಸುವುದಕ್ಕೆ ಸರ್ಕಾರ ಆತುರಪಡಲಿಲ್ಲ. ರಾತ್ರಿ ಎಂಟರ ನಂತರ ಹೊರಗೆ ಬಂದವರಿಗೆ ಗುಂಡೇಟು ಎಂಬ ಕರ್ಫ್ಯೂ ಇದ್ದುದರಿಂದ ಗಾಯಾಳುಗಳೂ ಹೆಣಗಳೂ ಬೆಳಗಿನ ತನಕ ಅಲ್ಲೇ ಬಿದ್ದಿದ್ದವು. ತಿಂಗಳುಗಳ ಮೇಲೆ, ಮನೆಯವರನ್ನು ಕಳೆದುಕೊಂಡವರು ಬಂದು ತಿಳಿಸಬೇಕೆಂದು ಪ್ರಕಟಣೆ ಹೊರಟಿತು. ಯಾರು ಬಂದಾರು? ಆ ಸಭೆಯಲ್ಲಿದ್ದುದೇ ಅಪರಾಧವೆನಿಸಿದ್ದಾಗ, ನಮ್ಮವನೂ ಅಲ್ಲಿದ್ದ ಎಂದು ಪೊಲೀಸರ ಮುಂದೆ ಹೇಳುವ ಧೈರ್ಯ ಎಲ್ಲಿಂದ ಬರಬೇಕು? ಆಗ ಮನೆಮನೆ ತಿರುಗಿ ಹೆಸರು ಬರೆದುಕೊಂಡವರು ಸೇವಾ ಸಮಿತಿಯ ಸ್ವಯಂಸೇವಕರು. ಕೊನೆಗೆ ಹಂಟರ್ ಸಮಿತಿ ಒಪ್ಪಿದ ಸಂಖ್ಯೆ 379. ಗಾಯಗೊಂಡವರು ಅದರ ಮೂರರಷ್ಟಿರಬಹುದು ಎಂದಿತು. ಗಾಂಧೀಜಿ, ಚಿತ್ತರಂಜನ ದಾಸ್, ಅಬ್ಬಾಸ್ ತೈಯಬ್ಜಿ, ನಮ್ಮ ಮುಂಬಯಿಯ ಎಂ. ಆರ್. ಜಯಕರ್ ಇದ್ದ ಕಾಂಗ್ರೆಸ್ ಸಮಿತಿಯ ಅಂದಾಜಿನಲ್ಲಿ ಸತ್ತವರು ಸುಮಾರು ಸಾವಿರ.

ಆ 379ನ್ನು ಬಿಡಿಸಿ ನೋಡಿದೆವು. ಗಂಡಸರು 337, ಹುಡುಗರು 41, ಆರು ವಾರದ ಒಂದು ಕೂಸು. ಕೂಡಿದರೆ ಲೆಕ್ಕ ಸರಿಹೋಗುತ್ತದೆ. ಹೆಂಗಸರಿಗೆ ಮಾತ್ರ ಕಾಲಮ್ಮೇ ಇಲ್ಲ! ಆರು ವಾರದ ಕೂಸನ್ನು ಅಲ್ಲಿಗೆ ಎತ್ತಿಕೊಂಡು ಬಂದವರು ಯಾರು ಎಂದು ಯಾವ ಅಧಿಕಾರಿಯೂ ಕೇಳಿದಂತೆ ಕಾಣದು.

ವಾದವಿವಾದ ಲಂಡನ್ನಿಗೂ ಹೋಯಿತು. 1920ರ ಜುಲೈಯಲ್ಲಿ ಚರ್ಚಿಲ್ ಕಾಮನ್ಸ್ ಸಭೆಯಲ್ಲಿ ಈ ಕೃತ್ಯವನ್ನು ರಾಕ್ಷಸೀಯ ಎಂದು ಖಂಡಿಸಿದರು. ನಮ್ಮ ದೇಶಕ್ಕೆ ಚರ್ಚಿಲ್ ಹಿತ ಬಯಸಿದ್ದು ಅಪರೂಪವಾದ್ದರಿಂದ ಹೇಳುತ್ತಿದ್ದೇವೆ. ಅದೇ ತಿಂಗಳು ಲಾರ್ಡ್ಸ್ ಸಭೆ 86ಕ್ಕೆ ಎದುರಾಗಿ 129 ಮತಗಳಿಂದ ಡಯರನ ಪಕ್ಷ ವಹಿಸಿತು. ‘ಮಾರ್ನಿಂಗ್ ಪೋಸ್ಟ್’ ಪತ್ರಿಕೆ ಅವನಿಗಾಗಿ ಎತ್ತಿದ ನಿಧಿಗೆ 26,000 ಪೌಂಡಿಗೂ ಹೆಚ್ಚು ಹಣ ಬಂತು. ಪಂಜಾಬನ್ನು ದಂಗೆಯಿಂದ ಉಳಿಸಿದವನೆಂಬುದು ಅವರ ವಾದ. ಆದರೆ ಡಯರನೇ ಹಂಟರ್ ಸಮಿತಿಯಲ್ಲಿ ಸರ್ ಚಿಮನ್‌ಲಾಲ್ ಸೆಟಲ್ವಾಡರ ಪ್ರಶ್ನೆಗೆ ಉತ್ತರವಾಗಿ, ಕವಚದ ಮೋಟಾರುಗಳು ಆ ಓಣಿಯಲ್ಲಿ ಹಿಡಿಸಿದ್ದರೆ ಬಹುಶಃ ಮೆಷಿನ್‌ಗನ್ನನ್ನೂ ಬಳಸುತ್ತಿದ್ದೆನೆಂದು ಹೇಳಿದ್ದ.

1924ರಲ್ಲಿ ಮತ್ತೊಂದು ಪ್ರಸಂಗ. ಪಂಜಾಬಿನ ಲೆಫ್ಟಿನೆಂಟ್ ಗವರ್ನರಾಗಿದ್ದ ಮೈಕೇಲ್ ಓಡ್ವಾಯರ್, ತನ್ನನ್ನು ಪುಸ್ತಕದಲ್ಲಿ ದೂರಿದರೆಂದು ಸರ್ ಶಂಕರನ್ ನಾಯರರ ಮೇಲೆ ಲಂಡನ್ನಿನಲ್ಲಿ ಮಾನನಷ್ಟದ ದಾವೆ ಹೂಡಿದ. ಐದು ವಾರ ವಿಚಾರಣೆ ನಡೆಯಿತು. ಹನ್ನೆರಡು ಜ್ಯೂರಿಗಳಲ್ಲಿ ಹನ್ನೊಂದು ಮಂದಿ ಓಡ್ವಾಯರನ ಕಡೆ. ಒಪ್ಪದಿದ್ದವರು ಹೆರಾಲ್ಡ್ ಲಾಸ್ಕಿ ಒಬ್ಬರೇ. ನಾಯರರಿಗೆ 500 ಪೌಂಡ್ ದಂಡ ಬಿತ್ತು. ಕ್ಷಮೆ ಕೇಳಿದ್ದರೆ ತಪ್ಪುತ್ತಿತ್ತಂತೆ, ಅವರು ಕೇಳಲಿಲ್ಲ.

ಹೆಸರುಗಳ ಹೋಲಿಕೆಯಿಂದ ಆಗುವ ಎಡವಟ್ಟೊಂದನ್ನೂ ಹೇಳಬೇಕು. ಉಧಮ್ ಸಿಂಗ್ ಡಯರನನ್ನು ಕೊಂದನೆಂದು ವೇದಿಕೆಗಳ ಮೇಲೆ ಭಾಷಣ ಮಾಡುವವರು ಇಂದಿಗೂ ಇದ್ದಾರೆ. ಡಯರ್ 1927ರಲ್ಲೇ ಕಾಯಿಲೆಯಿಂದ ಸತ್ತ. 1940ರಲ್ಲಿ ಕ್ಯಾಕ್ಸ್‌ಟನ್ ಹಾಲಿನಲ್ಲಿ ಉಧಮ್ ಸಿಂಗ್ ಗುಂಡಿಟ್ಟದ್ದು ಈ ಓಡ್ವಾಯರನಿಗೆ.

ಗೌರಿಬಿದನೂರಿನ ಹತ್ತಿರದ ವಿದುರಾಶ್ವತ್ಥವನ್ನು ದಕ್ಷಿಣದ ಜಲಿಯನ್‌ವಾಲಾ ಬಾಗ್ ಎನ್ನುತ್ತಾರೆ. ಅಲ್ಲಿ 1938ರ ಏಪ್ರಿಲ್ 25ರಂದು ಕಾಂಗ್ರೆಸ್ ಬಾವುಟ ಏರಿಸಹೊರಟ ಜನರ ಮೇಲೆ ಮೈಸೂರು ಪೊಲೀಸರು ಗುಂಡು ಹಾರಿಸಿದರು. ಅಲ್ಲಿಯೂ ಸತ್ತವರ ಸಂಖ್ಯೆ ಸರ್ಕಾರದ ಪ್ರಕಾರ ಒಂದು, ಊರವರ ಪ್ರಕಾರ ಇನ್ನೊಂದು.