ಮಿದುಳಿನ ಹುಳು, ರಕ್ತದ ಸಾಕ್ಷಿ

ಮಂಡ್ಯ ಜಿಲ್ಲೆಯ ಕೆರಗೋಡು, ಮದ್ದೂರು, ಮಳವಳ್ಳಿ ಕಡೆಯಿಂದ ಫಿಟ್ಸ್ ಎಂದು ಬರುವವರ ಕೈಯಲ್ಲಿ ಈಗ ಎರಡು ಕಾಗದಗಳಿರುತ್ತವೆ. ಒಂದು ಸ್ಕ್ಯಾನಿಂಗ್ ವರದಿ, ಇನ್ನೊಂದು ‘ಸಿಸ್ಟಿಸರ್ಕಸ್ ಐಜಿಜಿ’ ಎಂಬ ರಕ್ತಪರೀಕ್ಷೆಯದು. ರಕ್ತ ಪಾಸಿಟಿವ್ ಬಂದರೆ ಹುಳುವಿನ ಮಾತ್ರೆ, ನೆಗೆಟಿವ್ ಬಂದರೆ ಹುಳುವಲ್ಲ, ಕ್ಷಯವಿರಬೇಕು ಎಂಬ ತೀರ್ಮಾನ. ಎರಡೂ ಅವಸರದವು. ಆ ಕಾಗದಕ್ಕೆ ಎಷ್ಟು ಬೆಲೆ ಕೊಡಬೇಕೆಂದು ತಿಳಿಯಲು ಪರೀಕ್ಷೆ ಬೆಳೆದು ಬಂದ ಬಗೆಯನ್ನು ನೋಡಬೇಕು.

ಮೊದಲು ರೋಗದ ಮಾತು. ಸರಿಯಾಗಿ ಬೇಯದ ಹಂದಿಮಾಂಸ ತಿಂದವರ ಕರುಳಲ್ಲಿ ಲಾಡಿಹುಳು ಬೆಳೆಯುತ್ತದೆ. ಅವರ ಮಲದಲ್ಲಿ ಹೊರಬೀಳುವ ಮೊಟ್ಟೆ ಕೈ, ನೀರು, ಹಸಿ ತರಕಾರಿಯ ಮೂಲಕ ಯಾರ ಹೊಟ್ಟೆ ಸೇರಿದರೂ ಮರಿಹುಳು ಮಿದುಳಿಗೆ ಹೋಗಿ ಸಿಸ್ಟಿಸರ್ಕಸ್ ಎಂಬ ಗುಳ್ಳೆಯಾಗಿ ಕೂರಬಹುದು. ಹಂದಿಮಾಂಸ ಮುಟ್ಟದವರಿಗೂ ಇದು ಬರುತ್ತದೆ. ನ್ಯೂಯಾರ್ಕಿನ ಸಂಪ್ರದಾಯಸ್ಥ ಯೆಹೂದಿ ಮನೆಗಳಲ್ಲೂ ಬಂದದ್ದು 1992ರಲ್ಲಿ ವರದಿಯಾಯಿತು. ಮನೆಗೆಲಸದವರಲ್ಲಿದ್ದ ಲಾಡಿಹುಳು ಅದರ ಮೂಲವೆಂದು ಕಂಡುಬಂತು. ‘ನಾವು ಸಸ್ಯಾಹಾರಿಗಳು, ನಮಗೆಲ್ಲಿಂದ ಬರಬೇಕು’ ಎನ್ನುವ ಮನೆಯವರಿಗೆ ಈ ಸಂಗತಿಯನ್ನು ಬಿಡಿಸಿ ಹೇಳಬೇಕಾಗುತ್ತದೆ.

ಮದ್ರಾಸಿನಲ್ಲಿ 1888ರಲ್ಲೇ ಶವಪರೀಕ್ಷೆಯಲ್ಲಿ ಈ ಗುಳ್ಳೆಗಳು ಕಂಡಿದ್ದವು. ಭಾರತದಲ್ಲಿ ಸೇವೆ ಮುಗಿಸಿ ಊರಿಗೆ ಮರಳಿದ ಬ್ರಿಟಿಷ್ ಸೈನಿಕರ ಫಿಟ್ಸ್ ಈ ರೋಗದತ್ತ ವೈದ್ಯರ ಗಮನ ಸೆಳೆಯಿತು. 1961ರಲ್ಲಿ ಡಿಕ್ಸನ್ ಮತ್ತು ಲಿಪ್ಸ್‌ಕೊಂಬ್ ಅಂಥ 450 ಪ್ರಕರಣಗಳನ್ನು ದಾಖಲಿಸಿದರು. ರಕ್ತದಲ್ಲಿ ಸಾಕ್ಷಿ ಹುಡುಕುವ ಪ್ರಯತ್ನವೂ ಇಪ್ಪತ್ತನೇ ಶತಮಾನದ ಆರಂಭದ್ದೇ. 1970ರ ದಶಕದ ಕೊನೆಗೆ ಎಲೈಸಾ ಬಂತು. ಹಂದಿಯ ಮಾಂಸದಿಂದ ತೆಗೆದ ಗುಳ್ಳೆಯನ್ನು ಅರೆದು, ಆ ಸಾರಕ್ಕೆ ರೋಗಿಯ ರಕ್ತಸಾರ ಸೇರಿಸಿ ಬಣ್ಣ ನೋಡುವ ವಿಧಾನವದು. ಅಗ್ಗ, ಸುಲಭ. ಆದರೆ ಆ ಸಾರದಲ್ಲಿ ನೂರೆಂಟು ಪ್ರೋಟೀನು. ಹೈಡಾಟಿಡ್ ಎಂಬ ಬೇರೊಂದು ಲಾಡಿಹುಳು ರೋಗವಿರುವವರ ರಕ್ತವೂ ಬಣ್ಣ ತೋರಿಸುತ್ತದೆ, ಬೇರೆ ಹುಳುಗಳಿದ್ದರೂ ತೋರಿಸಬಹುದು.

ನಮ್ಮ ತಲೆಮಾರಿಗೆ ನಿಜವಾದ ತಿರುವು 1989. ಆ ವರ್ಷ ಎರಡು ಕೆಲಸಗಳು ಹೊರಬಂದವು. ಅಮೆರಿಕದಲ್ಲಿ ಸಾಂಗ್ ಮತ್ತು ಸಂಗಡಿಗರು ಇಐಟಿಬಿ ಎಂಬ ಬ್ಲಾಟ್ ಪರೀಕ್ಷೆ ರೂಪಿಸಿದರು. ಗುಳ್ಳೆಯ ಸಾರವನ್ನು ಇಡಿಯಾಗಿ ಬಳಸದೆ, ಅದರಿಂದ ಏಳು ಗ್ಲೈಕೋಪ್ರೋಟೀನುಗಳನ್ನು ಬೇರ್ಪಡಿಸಿದರು. ಬೇರ್ಪಡಿಸಲು ಬಳಸಿದ್ದು ನಾವು ಚನ್ನಂಗಿ ಬೇಳೆ ಎನ್ನುವ ಕಾಳಿನ ಒಂದು ಪ್ರೋಟೀನು. ಸಕ್ಕರೆಯಂಶವಿರುವ ಪ್ರೋಟೀನುಗಳನ್ನು ಅದು ಹಿಡಿದಿಟ್ಟುಕೊಳ್ಳುತ್ತದೆ. ಬೇರ್ಪಡಿಸಿದ ಆ ಪ್ರೋಟೀನುಗಳನ್ನು ಹಿಡಿಸಿದ, ಕಿರುಬೆರಳಿಗಿಂತ ಕಿರಿದಾದ ಬಿಳಿ ಪಟ್ಟಿಯನ್ನು ರಕ್ತಸಾರದಲ್ಲಿ ನೆನೆಸಿ ತೊಳೆದು, ಬಣ್ಣದ ದ್ರಾವಣ ಹಾಕಿದರೆ ಒಂದೊಂದೇ ಗೆರೆ ಮೂಡುತ್ತದೆ. ಮಾಸಲು ಗೆರೆಯನ್ನು ಲೆಕ್ಕಕ್ಕೆ ಹಿಡಿಯಬೇಕೋ ಬೇಡವೋ ಎಂದು ಬೆಳಕಿಗೆ ಹಿಡಿದು ನೋಡುವಾಗಲೇ ಪರೀಕ್ಷೆ ಮಾಡುವವರ ಅನುಭವ ತಿಳಿಯುವುದು.

ಇನ್ನೊಂದು ಕೆಲಸ ವೆಲ್ಲೂರಿನದು. ಸ್ಕ್ಯಾನಿನಲ್ಲಿ ಒಂದೇ ಒಂದು ಸಣ್ಣ ಉಂಗುರ ಕಂಡರೆ ಆಗ ಕ್ಷಯದ ಗಂಟೆಂದು ತಿಂಗಳುಗಟ್ಟಲೆ ಮಾತ್ರೆ ಕೊಡುತ್ತಿದ್ದರು. ಚಾಂಡಿ, ರಾಜಶೇಖರ್ ಮತ್ತು ಸಂಗಡಿಗರು ಅಂಥ ಗಂಟುಗಳನ್ನು ತೆಗೆದು ಸೂಕ್ಷ್ಮದರ್ಶಕದಡಿ ನೋಡಿದಾಗ ಬಹುಪಾಲು ಸಾಯುತ್ತಿದ್ದ ಲಾಡಿಹುಳುವಿನ ಗುಳ್ಳೆಗಳೇ ಆಗಿದ್ದವು. ದಕ್ಷಿಣ ಭಾರತದ ನರವೈದ್ಯಕ್ಕೆ ಇದಕ್ಕಿಂತ ದೊಡ್ಡ ಉಪಕಾರವನ್ನು ನನ್ನ ಕಾಲದಲ್ಲಿ ಬೇರಾರೂ ಮಾಡಿಲ್ಲ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಚಂದ್ರಮುಖಿ ಮತ್ತು ಕಟ್ಟಿ ಹುಳುವಿನ ಬೇರೆ ಬೇರೆ ಪ್ರತಿಜನಕಗಳನ್ನೂ (ದೇಹದ ಪ್ರತಿರೋಧವನ್ನು ಕೆರಳಿಸುವ ಅಂಶಗಳನ್ನೂ) ಪರೀಕ್ಷಾ ವಿಧಾನಗಳನ್ನೂ ಹೋಲಿಸಿ 1991ರಲ್ಲಿ ಪ್ರಕಟಿಸಿದರು. ಅವರ ಕೆಲಸಕ್ಕೆ ಸಿಗಬೇಕಾದ ಮನ್ನಣೆ ಸಿಗಲಿಲ್ಲ.

1989ರ ಆ ಎರಡು ಕೆಲಸಗಳನ್ನು ಒಟ್ಟಿಗಿಟ್ಟರೆ ಇಂದಿನ ಗೊಂದಲ ಬಿಡಿಸಿಕೊಳ್ಳಬಹುದು. 1991ರಲ್ಲಿ ವಿಲ್ಸನ್ ತಂಡ ತೋರಿಸಿದಂತೆ, ಎರಡು ಅಥವಾ ಹೆಚ್ಚು ಗುಳ್ಳೆಗಳಿದ್ದವರಲ್ಲಿ ಬ್ಲಾಟ್ ಪರೀಕ್ಷೆ ಶೇ. 94ರಷ್ಟು ಜನರನ್ನು ಹಿಡಿಯಿತು. ಒಂದೇ ಗುಳ್ಳೆ ಇದ್ದವರಲ್ಲಿ ಹಿಡಿದದ್ದು ಶೇ. 28 ಮಾತ್ರ. ಹತ್ತಾರು ಗುಳ್ಳೆಗಳ ರೋಗಿಗಳು ಲ್ಯಾಟಿನ್ ಅಮೆರಿಕದಲ್ಲಿ ಹೆಚ್ಚು. ನಮ್ಮಲ್ಲಿ ಒಂಟಿ ಗಂಟಿನವರೇ ಹೆಚ್ಚು. ಅವರಲ್ಲಿ ರಕ್ತ ನೆಗೆಟಿವ್ ಬಂದರೆ ಹುಳುವಿಲ್ಲ ಎಂದು ಅರ್ಥವಲ್ಲ. ಪಾಸಿಟಿವ್ ಬಂದರೂ ಹುಳು ಮಿದುಳಿನಲ್ಲೇ ಇದೆ ಎನ್ನುವಂತಿಲ್ಲ. ಕರುಳಿನಲ್ಲಿರಬಹುದು, ಸ್ನಾಯುವಿನಲ್ಲಿರಬಹುದು, ಎಂದೋ ಬಂದು ಸತ್ತಿರಬಹುದು. 2018ರ ಅಮೆರಿಕದ ವೈದ್ಯಸಂಘಗಳ ಮಾರ್ಗಸೂಚಿ ಅರೆದ ಸಾರದ ಎಲೈಸಾ ಬೇಡವೆಂದೇ ಹೇಳಿದೆ. ಆದರೂ ಇಲ್ಲಿನ ಲ್ಯಾಬುಗಳಲ್ಲಿ ಸುಲಭವಾಗಿ ಸಿಗುವುದು ಎಲೈಸಾವೇ. ಬದುಕಿರುವ ಹುಳುವಿನ ಪ್ರತಿಜನಕವನ್ನು ಹಿಡಿಯುವ ಪರೀಕ್ಷೆಗಳೂ ಇವೆ. ಮಾತ್ರೆ ಕೆಲಸ ಮಾಡಿತೇ ಎಂದು ನೋಡಲು ಅವು ಒಳ್ಳೆಯವು. ಒಂಟಿ ಗಂಟಿಗೆ ಅವೂ ಸಾಲವು.

ಹಾಗಾದರೆ ರಕ್ತಪರೀಕ್ಷೆ ನಿಜಕ್ಕೂ ಯಾರಿಗೆ ಬೇಕು? ಊರಿಗೆ ಬೇಕು. ಕೆ.ಎಸ್. ಮಣಿ ಮತ್ತು ಸಂಗಡಿಗರು ಯಳಂದೂರಿನಲ್ಲಿ ಸುಮಾರು 65 ಸಾವಿರ ಜನರ ನಡುವೆ ಮೂರ್ಛೆ ರೋಗದ ಸಮೀಕ್ಷೆ ಮಾಡಿ 1998ರಲ್ಲಿ ಪ್ರಕಟಿಸಿದರು. ತಲೆಗೆ ಬಿಸಿನೀರು ಹುಯ್ದುಕೊಂಡಾಗ ಬರುವ ಫಿಟ್ಸನ್ನೂ ಅವರು ಬಿಡದೆ ಎಣಿಸಿದ್ದು ಈ ಸೀಮೆಯನ್ನು ಬಲ್ಲವರ ಕೆಲಸ. ವೆಲ್ಲೂರು ಜಿಲ್ಲೆಯಲ್ಲಿ ಸುಮಾರು 50 ಸಾವಿರ ಜನರ ಸಮೀಕ್ಷೆ ಇನ್ನೊಂದು ಹೆಜ್ಜೆ ಮುಂದೆ ಹೋಗಿ ಮೂರ್ಛೆ ರೋಗಿಗಳ ಸ್ಕ್ಯಾನ್ ಮಾಡಿತು, ರಕ್ತವನ್ನೂ ತೆಗೆಯಿತು. 2006ರ ಆ ವರದಿಯಂತೆ ಸುಮಾರು ಮೂವರಲ್ಲಿ ಒಬ್ಬರ ಫಿಟ್ಸಿಗೆ ಈ ಹುಳುವೇ ಕಾರಣ. ಅಂದರೆ ತಡೆಯಬಹುದಾದ ಕಾರಣ.

ಮಂಡ್ಯ ಜಿಲ್ಲೆಗೆ ರಕ್ತಪರೀಕ್ಷೆಯ ವ್ಯವಸ್ಥೆ ಹೊಸದಲ್ಲ. ಭತ್ತದ ಗದ್ದೆ, ಸೊಳ್ಳೆ, ಹಂದಿ ಮೂರೂ ಇರುವ ಇಲ್ಲಿ ಜಪಾನೀಸ್ ಎನ್ಸೆಫಲೈಟಿಸ್ ಎಂಬ ಮಿದುಳು ಜ್ವರದ ಬಗ್ಗೆ ದಶಕಗಳಿಂದ ಸಂಶೋಧನೆ ನಡೆದಿದೆ. ಆ ಜ್ವರದ ಪರೀಕ್ಷೆಗೆ ಸರ್ಕಾರವೇ ಕಿಟ್ ಒದಗಿಸುತ್ತದೆ. ಹಂದಿ ಅದೇ, ಕೊಟ್ಟಿಗೆ ಅದೇ, ಬಯಲು ಅದೇ. ಲಾಡಿಹುಳುವಿಗೆ ಮಾತ್ರ ಆ ಸವಲತ್ತಿಲ್ಲ. ಕೆರಗೋಡು ಹೋಬಳಿಯಲ್ಲಿ ಹೊಸದಾಗಿ ಫಿಟ್ಸ್ ಬಂದವರಿಗೆ ಸ್ಕ್ಯಾನ್ ಜೊತೆಗೆ ಬ್ಲಾಟ್ ಪರೀಕ್ಷೆ ಮಾಡಬೇಕು. ರೋಗ ಖಚಿತವಾದ ಮನೆಯವರೆಲ್ಲರ ಮಲಪರೀಕ್ಷೆಯಾಗಬೇಕು. ಕರುಳಲ್ಲಿ ಹುಳುವಿರುವವರು ಸಿಕ್ಕರೆ ಅವರಿಗೆ ನಿಕ್ಲೋಸಮೈಡ್ ಒಂದು ಡೋಸ್ ಸಾಮಾನ್ಯವಾಗಿ ಸಾಕು.